ಮಿನಮಾಟಾ ಕಾಯಿಲೆ

ಮಿನಮಾಟಾ ಕಾಯಿಲೆಯು ಮೀಥೈಲ್ ಪಾದರಸದ ವಿಷದಿಂದ ಉಂಟಾಗುವ ನರಮಂಡಲದ ರೋಗ. ಜಪಾನಿನ ಕ್ಯೂಶೂ ದ್ವೀಪದಲ್ಲಿರುವ ಮಿನಮಾಟಾ ನಗರದಲ್ಲಿ 1956ರ ಮೇ 1ರಂದು ಇದು ಅಧಿಕೃತವಾಗಿ ಗುರುತಿಸಲ್ಪಟ್ಟಿತು.

ಕಾರಣ

ಅಲ್ಲಿನ ಚಿಸ್ಸೋ ಕಂಪನಿಯ ಕಾರ್ಖಾನೆಯು 1932ರಿಂದ 1968ರವರೆಗೆ ಅಸಿಟಾಲ್ಡಿಹೈಡ್ ತಯಾರಿಕೆಗೆ ಪಾದರಸದ ಸಂಯುಕ್ತವನ್ನು ಬಳಸಿ, ತ್ಯಾಜ್ಯನೀರನ್ನು ಸಮುದ್ರಕ್ಕೆ ಬಿಡುತ್ತಿತ್ತು. ಅದರಲ್ಲಿದ್ದ ಮೀಥೈಲ್ ಪಾದರಸವು ಮೀನು ಮತ್ತು ಚಿಪ್ಪುಜೀವಿಗಳ ದೇಹದಲ್ಲಿ ಸಂಚಯಗೊಂಡು, ಅವನ್ನು ನಿತ್ಯವೂ ಉಣ್ಣುತ್ತಿದ್ದ ಮೀನುಗಾರ ಕುಟುಂಬಗಳನ್ನು ತಲುಪಿತು.

ಲಕ್ಷಣಗಳು

ಕೈಕಾಲುಗಳು ಜೋಮುಹಿಡಿಯುವುದು, ನಡಿಗೆಯಲ್ಲಿ ತೂರಾಟ, ಮಾತಿನ ತೊದಲು, ದೃಷ್ಟಿಯ ವ್ಯಾಪ್ತಿ ಕುಗ್ಗುವುದು ಮತ್ತು ಶ್ರವಣದೋಷ ಮುಖ್ಯ ಲಕ್ಷಣಗಳು. ರೋಗ ತೀವ್ರವಾದಾಗ ಸೆಳವು, ಪ್ರಜ್ಞಾಹೀನತೆ ಹಾಗೂ ಮರಣ ಸಂಭವಿಸುತ್ತವೆ. ಈ ವಿಷವು ತಾಯಿಯಿಂದ ಗರ್ಭಸ್ಥ ಶಿಶುವಿಗೂ ಹರಿಯುತ್ತದೆ. ಆದ್ದರಿಂದ ಮೇಲ್ನೋಟಕ್ಕೆ ಆರೋಗ್ಯವಂತರಾಗಿದ್ದ ತಾಯಂದಿರಿಗೂ ಮಿದುಳಿನ ಊನವುಳ್ಳ ಮಕ್ಕಳು ಜನಿಸಿದರು.

ವಿಳಂಬ ಮತ್ತು ಪರಿಣಾಮ

ಸಾವಯವ ಪಾದರಸವೇ ಕಾರಣವೆಂದು ಕುಮಾಮೊಟೊ ವಿಶ್ವವಿದ್ಯಾಲಯದ ಸಂಶೋಧಕರು 1959ರಲ್ಲಿ ತಿಳಿಸಿದರು. ಅದೇ ವರ್ಷ ಕಾರ್ಖಾನೆಯ ಆಸ್ಪತ್ರೆಯ ವೈದ್ಯ ಹಾಜಿಮೆ ಹೊಸೊಕಾವಾ ಅವರು ತ್ಯಾಜ್ಯನೀರು ಬೆರೆಸಿದ ಆಹಾರವನ್ನು ಬೆಕ್ಕಿಗೆ ನೀಡಿದಾಗ ಅದಕ್ಕೂ ಇದೇ ರೋಗ ತಗುಲಿತು. ಕಂಪನಿಯು ಈ ಫಲಿತಾಂಶವನ್ನು ಬಹಿರಂಗಪಡಿಸಲಿಲ್ಲ. ವಿಷಯುಕ್ತ ನೀರು ಮತ್ತೂ ಹಲವು ವರ್ಷ ಹರಿಯಿತು. ಕಾರ್ಖಾನೆಯ ತ್ಯಾಜ್ಯವೇ ಕಾರಣವೆಂದು ಜಪಾನ್ ಸರ್ಕಾರ ಒಪ್ಪಿಕೊಂಡದ್ದು 1968ರ ಸೆಪ್ಟೆಂಬರ್‌ನಲ್ಲಿ, ಅಸಿಟಾಲ್ಡಿಹೈಡ್ ತಯಾರಿಕೆ ನಿಂತ ಮೇಲೆ. 1973ರಲ್ಲಿ ಕುಮಾಮೊಟೊ ಜಿಲ್ಲಾ ನ್ಯಾಯಾಲಯವು ಕಂಪನಿಯನ್ನು ಹೊಣೆಯಾಗಿಸಿ ಪರಿಹಾರ ನೀಡುವಂತೆ ತೀರ್ಪಿತ್ತಿತು. ಅಧಿಕೃತವಾಗಿ ರೋಗಿಗಳೆಂದು ಮಾನ್ಯತೆ ಪಡೆದವರು 2,000ಕ್ಕೂ ಹೆಚ್ಚು.

ಪಾದರಸದ ಬಳಕೆಯನ್ನು ನಿಯಂತ್ರಿಸಲು 2013ರಲ್ಲಿ ಅಂಗೀಕೃತವಾದ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಮಿನಮಾಟಾ ಒಪ್ಪಂದವೆಂದೇ ಹೆಸರು. ಭಾರತವು ಇದನ್ನು 2018ರಲ್ಲಿ ಅನುಮೋದಿಸಿತು.