ಮನೆಯಲ್ಲಿ ಪಲ್ಸ್ ಆಕ್ಸಿಮೀಟರ್ ಬಳಕೆ

ಪಲ್ಸ್ ಆಕ್ಸಿಮೀಟರ್ ಎಂಬುದು ರಕ್ತದ ಹಿಮೋಗ್ಲೋಬಿನ್‌ನಲ್ಲಿ ಎಷ್ಟು ಪಾಲು ಆಮ್ಲಜನಕವನ್ನು ಹೊತ್ತಿದೆ ಎಂಬುದನ್ನು ಸೂಜಿ ಚುಚ್ಚದೆ ಅಂದಾಜು ಮಾಡುವ ಪುಟ್ಟ ಉಪಕರಣ. ಬೆರಳ ತುದಿಗೆ ಸಿಕ್ಕಿಸಿದಾಗ ಇದರ ಪರದೆಯ ಮೇಲೆ ಎರಡು ಅಂಕಿಗಳು ಮೂಡುತ್ತವೆ. ಒಂದು ಆಮ್ಲಜನಕದ ಮಟ್ಟ (ಎಸ್‌ಪಿಒ2), ಇನ್ನೊಂದು ನಿಮಿಷಕ್ಕೆ ನಾಡಿಬಡಿತ. ಮೊದಲು ಶಸ್ತ್ರಚಿಕಿತ್ಸಾ ಕೊಠಡಿಗಳಲ್ಲಿ ಮತ್ತು ತೀವ್ರ ನಿಗಾ ಘಟಕಗಳಲ್ಲಿ ಬಳಕೆಯಲ್ಲಿದ್ದ ಈ ಸಾಧನವು ಕರ್ನಾಟಕದ ಸಾಮಾನ್ಯ ಮನೆಗಳಿಗೆ ವ್ಯಾಪಕವಾಗಿ ಬಂದದ್ದು 2020–21ರ ಕೋವಿಡ್ ಕಾಲದಲ್ಲಿ.

ಕಾರ್ಯತತ್ತ್ವ

ಉಪಕರಣದ ಒಂದು ಬದಿಯಿಂದ ಸುಮಾರು 660 ನ್ಯಾನೊಮೀಟರ್ ತರಂಗಾಂತರದ ಕೆಂಪು ಬೆಳಕು ಮತ್ತು ಸುಮಾರು 940 ನ್ಯಾನೊಮೀಟರ್‌ನ ಅವಕೆಂಪು ಬೆಳಕು ಬೆರಳಿನೊಳಗೆ ಹಾಯುತ್ತವೆ. ಆಮ್ಲಜನಕ ತುಂಬಿದ ಹಿಮೋಗ್ಲೋಬಿನ್ ಅವಕೆಂಪನ್ನು ಹೆಚ್ಚು ಹೀರುತ್ತದೆ, ಆಮ್ಲಜನಕ ಬಿಟ್ಟುಕೊಟ್ಟದ್ದು ಕೆಂಪನ್ನು ಹೆಚ್ಚು ಹೀರುತ್ತದೆ. ಆದರೆ ಚರ್ಮ, ಮೂಳೆ, ಅಭಿಧಮನಿಗಳ ರಕ್ತ ಎಲ್ಲವೂ ಬೆಳಕನ್ನು ಹೀರುವುದರಿಂದ ಅಪಧಮನಿಯ ರಕ್ತವನ್ನಷ್ಟೇ ಬೇರ್ಪಡಿಸಿ ಅಳೆಯುವುದು ಕಠಿಣವಾಗಿತ್ತು. ಜಪಾನಿನ ನಿಹಾನ್ ಕೋಡೆನ್ ಸಂಸ್ಥೆಯ ಎಂಜಿನಿಯರ್ ತಾಕುವೊ ಅವೊಯಾಗಿ 1974ರ ಸುಮಾರಿಗೆ ಇದಕ್ಕೆ ಸರಳ ಪರಿಹಾರ ಕಂಡುಕೊಂಡರು. ನಾಡಿಯೊಂದಿಗೆ ಏರಿಳಿಯುವುದು ಅಪಧಮನಿಯ ರಕ್ತ. ಆದ್ದರಿಂದ ಬೆಳಕಿನಲ್ಲಿ ಮಿಡಿಯುವ ಭಾಗವನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡರೆ ಸಾಕು. ಉಪಕರಣದ ಹೆಸರಿನಲ್ಲಿ ‘ಪಲ್ಸ್’ ಸೇರಿರುವುದು ಈ ಕಾರಣಕ್ಕೆ. ಮನೆಮನೆಗೂ ಈ ಸಾಧನ ತಲುಪಿದ 2020ರ ಏಪ್ರಿಲ್‌ನಲ್ಲಿಯೇ ಅವೊಯಾಗಿ ನಿಧನರಾದರು.

ಬೆಂಗಳೂರಿನ ಅನುಭವ

ಸೋಂಕಿನ ಆರಂಭದ ತಿಂಗಳುಗಳಲ್ಲಿ ಲಕ್ಷಣರಹಿತರನ್ನೂ ಆಸ್ಪತ್ರೆಗೆ ಇಲ್ಲವೇ ಆರೈಕೆ ಕೇಂದ್ರಕ್ಕೆ ಕಳುಹಿಸಲಾಗುತ್ತಿತ್ತು. ನಗರದ ಉತ್ತರ ಭಾಗದಲ್ಲಿ ತಿರುಮೇನಹಳ್ಳಿಯ ಹಜ್ ಭವನ, ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣ ಮತ್ತು ತುಮಕೂರು ರಸ್ತೆಯ ಅಂತರರಾಷ್ಟ್ರೀಯ ವಸ್ತುಪ್ರದರ್ಶನ ಕೇಂದ್ರಗಳು ಇಂತಹ ಆರೈಕೆ ಕೇಂದ್ರಗಳಾದವು. 2020ರ ಜುಲೈನಲ್ಲಿ ರಾಜ್ಯ ಸರ್ಕಾರವು ಲಘು ಲಕ್ಷಣವುಳ್ಳವರಿಗೆ ಮನೆಯಲ್ಲೇ ಪ್ರತ್ಯೇಕವಾಸಕ್ಕೆ ಅವಕಾಶ ನೀಡಿತು. ಅದಕ್ಕಾಗಿ ಮನೆಯಲ್ಲಿ ಇರಬೇಕಾದ ವಸ್ತುಗಳಲ್ಲಿ ಡಿಜಿಟಲ್ ಜ್ವರಮಾಪಕದ ಜೊತೆಗೆ ಪಲ್ಸ್ ಆಕ್ಸಿಮೀಟರ್ ಕೂಡ ಸೇರಿತು. ಯಲಹಂಕ, ಹೆಬ್ಬಾಳ, ಆರ್.ಟಿ. ನಗರ, ಯಶವಂತಪುರದ ಔಷಧದ ಅಂಗಡಿಗಳಲ್ಲಿ ಅಲ್ಲಿಯವರೆಗೆ ಅಪರೂಪವಾಗಿದ್ದ ವಸ್ತುವನ್ನು ಜನರು ಹೆಸರು ಹೇಳಿ ಕೇಳತೊಡಗಿದರು.

2021ರ ಏಪ್ರಿಲ್ ಕೊನೆಯ ವೇಳೆಗೆ ಬೆಂಗಳೂರಿನಲ್ಲಿ ದಿನಕ್ಕೆ 20,000ಕ್ಕೂ ಹೆಚ್ಚು ಹೊಸ ಪ್ರಕರಣಗಳು ದಾಖಲಾದಾಗ ಹಾಸಿಗೆಯೂ ಆಮ್ಲಜನಕವೂ ಸಾಲದಾದವು. ಬೆರಳ ತುದಿಯ ಅಂಕಿಯು ಆಗ ಆಸ್ಪತ್ರೆಯ ಬಾಗಿಲಿನ ಪ್ರಶ್ನೆಯಾಯಿತು. ಕೋವಿಡ್‌ನಲ್ಲಿ ಕೆಲವರಿಗೆ ಏದುಸಿರೇ ಇಲ್ಲದೆ ಆಮ್ಲಜನಕದ ಮಟ್ಟ ಕುಸಿಯುತ್ತಿದ್ದುದು ಇದಕ್ಕೆ ಮುಖ್ಯ ಕಾರಣ. ರೋಗಿ ಮಾತನಾಡುತ್ತ ಕುಳಿತಿರುವಾಗಲೇ ಬರುವ ಈ ಕುಸಿತವನ್ನು ಮನೆಯಲ್ಲಿ ಹಿಡಿಯಲು ಬೇರೆ ಸುಲಭ ಸಾಧನವಿರಲಿಲ್ಲ. ಅದೇ ವರ್ಷದ ಜುಲೈನಲ್ಲಿ ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರವು ಆಕ್ಸಿಮೀಟರ್ ಸೇರಿದಂತೆ ಐದು ವೈದ್ಯಕೀಯ ಸಾಧನಗಳ ಮಾರಾಟ ಲಾಭಾಂಶಕ್ಕೆ ಶೇ. 70ರ ಮಿತಿ ವಿಧಿಸಿತು.

ಅಳೆಯುವ ಕ್ರಮ

ಅಳೆಯುವ ಮೊದಲು ಐದು ನಿಮಿಷ ಕುಳಿತು ವಿಶ್ರಮಿಸಬೇಕು. ಉಗುರುಬಣ್ಣವನ್ನು ತೆಗೆದು, ಕೈ ತಣ್ಣಗಿದ್ದರೆ ಉಜ್ಜಿ ಬೆಚ್ಚಗಾಗಿಸಬೇಕು. ಯಲಹಂಕದ ಕಡೆಯ ಡಿಸೆಂಬರ್–ಜನವರಿಯ ಮುಂಜಾನೆಗಳಲ್ಲಿ ವೃದ್ಧರ ಬೆರಳಿಗೆ ರಕ್ತಸಂಚಾರ ತಗ್ಗಿ ಅಂಕಿ ಸುಳ್ಳಾಗಿ ಕಡಿಮೆ ಕಾಣಿಸುವುದುಂಟು. ಮನೆಯವರು ಗಾಬರಿಗೊಳ್ಳುವ ಮೊದಲು ನೋಡಬೇಕಾದದ್ದು ಇದನ್ನು. ತೋರುಬೆರಳು ಅಥವಾ ನಡುಬೆರಳಿಗೆ ಉಪಕರಣ ಸಿಕ್ಕಿಸಿ, ಕೈಯನ್ನು ಎದೆಯ ಮಟ್ಟದಲ್ಲಿ ಅಲುಗಾಡದಂತೆ ಇಟ್ಟು, ಕನಿಷ್ಠ ಒಂದು ನಿಮಿಷ ಕಾಯಬೇಕು. ಅಂಕಿ ಐದು ಸೆಕೆಂಡು ಸ್ಥಿರವಾಗಿ ನಿಂತ ಮೇಲೆ ಬರೆದುಕೊಳ್ಳಬೇಕು. ದಿನಕ್ಕೆ ಮೂರು ಬಾರಿ, ಸಮಯ ಸಹಿತ, ಒಂದೇ ಪುಸ್ತಕದಲ್ಲಿ ಬರೆದಿಡುವುದು ಉತ್ತಮ. ಒಂದು ಬಿಡಿ ಅಂಕಿಗಿಂತ ಮೂರು ದಿನಗಳ ಸಾಲು ವೈದ್ಯರಿಗೆ ಹೆಚ್ಚು ಹೇಳುತ್ತದೆ.

ಅಂಕಿಯ ಅರ್ಥ

ಆರೋಗ್ಯವಂತರಲ್ಲಿ ಮಟ್ಟವು ಸಾಮಾನ್ಯವಾಗಿ 95ರಿಂದ 100ರವರೆಗೆ ಇರುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದ್ದರೂ ಅದರಿಂದ ಗಮನಾರ್ಹ ವ್ಯತ್ಯಾಸವಾಗದು. ಭಾರತದ ಕೋವಿಡ್ ಚಿಕಿತ್ಸಾ ಮಾರ್ಗಸೂಚಿಯು 90ರಿಂದ 93ರವರೆಗಿನ ಮಟ್ಟವನ್ನು ಮಧ್ಯಮ ತೀವ್ರತೆಯೆಂದೂ 90ಕ್ಕಿಂತ ಕಡಿಮೆಯನ್ನು ತೀವ್ರವೆಂದೂ ವರ್ಗೀಕರಿಸಿತು. 90ಕ್ಕೆ ಇಷ್ಟು ಮಹತ್ತ್ವ ಬರಲು ಕಾರಣವಿದೆ. ಅಲ್ಲಿಯವರೆಗೆ ರಕ್ತದ ಆಮ್ಲಜನಕದ ಒತ್ತಡ ಸಾಕಷ್ಟು ಇಳಿದರೂ ಅಂಕಿ ನಿಧಾನವಾಗಿ ಇಳಿಯುತ್ತದೆ. ಅದರ ಕೆಳಗೆ ಒತ್ತಡ ತುಸು ತಗ್ಗಿದರೂ ಅಂಕಿ ಕಡಿದಾಗಿ ಜಾರುತ್ತದೆ. ದೀರ್ಘಕಾಲದ ಶ್ವಾಸಕೋಶದ ಕಾಯಿಲೆಯುಳ್ಳ ಕೆಲವರಿಗೆ ಮಾತ್ರ ವೈದ್ಯರು 88–92ರ ಗುರಿಯನ್ನು ನಿಗದಿಪಡಿಸುವುದುಂಟು. ಅಂತಹವರಿಗೆ ಮನೆಯವರೇ 98 ತಲುಪಿಸಲೆಂದು ಆಮ್ಲಜನಕ ಹೆಚ್ಚಿಸುವುದು ಅಪಾಯಕರ.

ಅಂಕಿ ಚೆನ್ನಾಗಿದ್ದರೂ ಏದುಸಿರು, ಎದೆನೋವು, ತುಟಿ ನೀಲಿಗಟ್ಟುವುದು, ಗೊಂದಲ ಅಥವಾ ಅತಿಯಾದ ಮಂಪರು ಕಂಡರೆ ಆಸ್ಪತ್ರೆಗೆ ಹೋಗಬೇಕು. ರಾಜ್ಯದಲ್ಲಿ ಆಂಬುಲೆನ್ಸ್‌ಗೆ 108, ಆರೋಗ್ಯ ಸಲಹೆಗೆ 104 ಸಂಖ್ಯೆಗಳಿವೆ.

ಮಿತಿಗಳು

ಉಪಕರಣದ ಅಂಕಿಯು ಅಂದಾಜು ಮಾತ್ರ; ನೈಜ ಮಟ್ಟಕ್ಕಿಂತ ಎರಡು ಮೂರು ಅಂಶ ಆಚೀಚೆ ಇರಬಹುದು. 70ಕ್ಕಿಂತ ಕೆಳಗಿನ ಅಂಕಿಗಳು ಇನ್ನೂ ಕಡಿಮೆ ನಂಬಲರ್ಹ. ಭಾರತೀಯ ಓದುಗರಿಗೆ ಮುಖ್ಯವಾದ ಸಂಗತಿಯೆಂದರೆ, ಗಾಢ ಮೈಬಣ್ಣದವರಲ್ಲಿ ಇದು ನೈಜ ಮಟ್ಟಕ್ಕಿಂತ ಹೆಚ್ಚಿನ ಅಂಕಿ ತೋರಿಸಬಲ್ಲದು. ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಸಂಶೋಧಕರು 2020ರ ಡಿಸೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಉಪಕರಣಕ್ಕೆ ತಿಳಿಯದೆ ಉಳಿದ ಆಮ್ಲಜನಕದ ಕೊರತೆಯು ಬಿಳಿಯರಿಗಿಂತ ಕಪ್ಪು ವರ್ಣೀಯರಲ್ಲಿ ಸುಮಾರು ಮೂರು ಪಟ್ಟು ಹೆಚ್ಚಾಗಿತ್ತು. ಗಾಢ ಕಪ್ಪು ಮದರಂಗಿಯೂ ಕೆಲವೊಮ್ಮೆ ಬೆಳಕಿಗೆ ಅಡ್ಡಬರುತ್ತದೆ.

ರಕ್ತಹೀನತೆಯನ್ನು ಇದು ಕಾಣದು. ಇರುವ ಅಲ್ಪ ಹಿಮೋಗ್ಲೋಬಿನ್ ಪೂರ್ತಿ ತುಂಬಿದ್ದರೆ ಪರದೆಯ ಮೇಲೆ 99 ಎಂದೇ ಬರುತ್ತದೆ. ಇನ್ನೂ ಅಪಾಯಕರವಾದದ್ದು ಇಂಗಾಲದ ಮಾನಾಕ್ಸೈಡ್‌ನ ವಿಷಬಾಧೆ. ಗಾಳಿಯಾಡದ ಸ್ನಾನದ ಮನೆಯ ಗ್ಯಾಸ್ ಗೀಸರ್‌ನಿಂದ ಸಾವು ಸಂಭವಿಸಿದ ಪ್ರಕರಣಗಳು ಬೆಂಗಳೂರಿನಲ್ಲಿ ವರದಿಯಾಗಿವೆ. ಆ ಅನಿಲದೊಂದಿಗೆ ಬೆಸೆದ ಹಿಮೋಗ್ಲೋಬಿನ್ ಅನ್ನು ಸಾಮಾನ್ಯ ಆಕ್ಸಿಮೀಟರ್ ಆಮ್ಲಜನಕ ತುಂಬಿದ್ದೆಂದೇ ಬಹುಪಾಲು ಎಣಿಸುವುದರಿಂದ, ಪ್ರಜ್ಞೆ ತಪ್ಪಿ ಬಿದ್ದವರ ಬೆರಳಿನಲ್ಲಿಯೂ 98 ಕಾಣಿಸಬಹುದು. ಅಂತಹ ಸಂದರ್ಭದಲ್ಲಿ ಮೊದಲು ರೋಗಿಯನ್ನು ಹೊರಗಿನ ಗಾಳಿಗೆ ತಂದು, ಅಂಕಿಯನ್ನು ಲೆಕ್ಕಿಸದೆ ಕೂಡಲೇ ಆಸ್ಪತ್ರೆಗೆ ಸಾಗಿಸಬೇಕು.