ಹಿತ್ತಾಳೆಯ ತಂಬಿಗೆ

ಸೆರೆಯಲ್ಲಿರುವವನಿಗೆ ಹೊಸದೊಂದು ಸಣ್ಣ ಅಪರಾಧವನ್ನು ಕಲ್ಪಿಸುವುದು ಆಳುವವರಿಗೆ ಬಹು ಸುಲಭವಾಗಿ ತೋರುವ ಕಾರ್ಯ. ಅವನನ್ನು ಹುಡುಕಿ ಹಿಡಿದು ತರಬೇಕಾದುದಿಲ್ಲ; ಕಾವಲು ಮೊದಲೇ ಇದೆ; ಅನ್ನವನ್ನು ಬೊಕ್ಕಸವು ಮೊದಲೇ ಕೊಡುತ್ತಿದೆ. ಆದುದರಿಂದ ಇಂತಹ ಕಟ್ಟಳೆಗೆ ವೆಚ್ಚವೇ ಇಲ್ಲವೆಂದು ಭಾವಿಸುವುದುಂಟು. ಈ ಭಾವನೆಯು ಎಷ್ಟು ತಪ್ಪೆಂಬುದಕ್ಕೆ 1855ರಲ್ಲಿ ಬಿಹಾರದ ಸೆರೆಮನೆಗಳಲ್ಲಿ ನಡೆದ ಗಲಭೆಯೇ ಸಾಕ್ಷಿ.

ಕಂಪೆನಿಯ ಆಳಿಕೆಯ ಮೊದಲ ದಶಕಗಳಲ್ಲಿ ಬಂಗಾಳದ ಆಧಿಪತ್ಯದ ಕೈದಿಗಳಿಗೆ ದಿನದ ಖರ್ಚಿಗೆ ಅಲ್ಪಸ್ವಲ್ಪ ಹಣ ದೊರೆಯುತ್ತಿತ್ತು. ಅದರಿಂದ ಅವರು ಸಾಮಾನು ಕೊಂಡು, ತಂತಮ್ಮ ಆಚಾರಕ್ಕೆ ತಕ್ಕಂತೆ ಬೇಯಿಸಿಕೊಂಡು ಉಣ್ಣುತ್ತಿದ್ದರು. ಮೆಕಾಲೆಯೂ ಸದಸ್ಯನಾಗಿದ್ದ ಸಮಿತಿಯೊಂದು 1838ರಲ್ಲಿ ವರದಿಯನ್ನೊಪ್ಪಿಸಿ, ಸೆರೆಮನೆಯ ಶಿಸ್ತು ಇನ್ನೂ ಬಿಗಿಯಾಗಬೇಕೆಂದು ಅಭಿಪ್ರಾಯಪಟ್ಟಿತು. 1840ರ ದಶಕದಲ್ಲಿ ಸ್ವಂತ ಅಡಿಗೆಯು ನಿಂತು, ಎಲ್ಲರಿಗೂ ಒಂದೇ ಅಡಿಗೆಯ ಏರ್ಪಾಡು ಬಂದಿತು. ಜಾತಿ ಕೆಡುವುದೆಂಬ ಭಯದಿಂದ ಬಿಹಾರದ ಸೆರೆಮನೆಗಳಲ್ಲಿ ಆಗಲೇ ಗಲಭೆಗಳೆದ್ದುವು.

ಇಷ್ಟಾದರೂ ಅಧಿಕಾರಿವರ್ಗವು ಎಚ್ಚರಗೊಳ್ಳಲಿಲ್ಲ. 1855ರಲ್ಲಿ ಕೈದಿಗಳ ಬಳಿಯಿದ್ದ ಹಿತ್ತಾಳೆಯ ತಂಬಿಗೆಗಳನ್ನು ಕಿತ್ತುಕೊಂಡು ಮಣ್ಣಿನ ಪಾತ್ರೆಗಳನ್ನು ಕೊಡಬೇಕೆಂದು ಅಪ್ಪಣೆಯಾಯಿತು. ಭಾರವಾದ ಲೋಹದ ಪಾತ್ರೆಯು ಕೈದಿಯ ಕೈಯಲ್ಲಿ ಆಯುಧವಾಗಬಲ್ಲದೆಂಬ ಭಯವು ಅಸಂಗತವಾದುದೇನೂ ಅಲ್ಲ. ಆದರೆ ಕೈದಿಯ ದೃಷ್ಟಿಯೇ ಬೇರೆ. ಲೋಹದ ತಂಬಿಗೆ ಮೈಲಿಗೆಯಾದರೆ ಬೂದಿ ಹಾಕಿ ಬೆಳಗಿ ಮಡಿ ಮಾಡಬಹುದು. ಮಣ್ಣಿನ ಪಾತ್ರೆ ಒಮ್ಮೆ ಕೆಟ್ಟರೆ ಒಡೆದು ಬಿಸುಡುವುದಲ್ಲದೆ ಗತ್ಯಂತರವಿಲ್ಲ. ನಿನ್ನೆಯವರೆಗೆ ಶುಚಿತ್ವದ ಸಾಧನವಾಗಿದ್ದುದು ಇಂದು ನಿಷಿದ್ಧವಸ್ತುವಾಯಿತು. ಅದನ್ನು ಬಿಡಲೊಲ್ಲದವನು ಅಪರಾಧಿಯ ಮೇಲೆ ಅಪರಾಧಿಯಾದನು.

ಆರಾ ನಗರದಲ್ಲಿ ಕೈದಿಗಳ ಕ್ಷೋಭೆಯು ಮಿತಿಮೀರಿ, ಅವರ ಮೇಲೆ ಗುಂಡು ಹಾರಿಸುವಂತೆ ಕಾವಲಿನವರಿಗೆ ಆಜ್ಞೆಯಾಯಿತು. ಮುಜಫರ್‌ಪುರದಲ್ಲಿ ನಡೆದುದು ಇನ್ನೂ ವಿಸ್ಮಯಕರ. ಅಲ್ಲಿ ಸೆರೆಮನೆಯ ಹೊರಗಿನವರೇ ಕೈದಿಗಳ ಪಕ್ಷವಾಗಿ ಎದ್ದರು. ಊರಿನ ಜನರೂ ಸುತ್ತಣ ಹಳ್ಳಿಗಳ ರೈತರೂ ಗುಂಪುಗೂಡಿ, ತಂಬಿಗೆಗಳನ್ನು ಹಿಂದಕ್ಕೆ ಕೊಡುವವರೆಗೂ ಕದಲೆವೆಂದು ಹಟ ಹಿಡಿದರು. ಸೈನ್ಯಕ್ಕೆ ಕರೆ ಹೋಯಿತು. ಅದು ಬರುವುದರೊಳಗೆ ಕೈದಿಗಳು ಹೊರಬಿದ್ದು ಖಜಾನೆಯೂ ಊರೂ ಸೂರೆಯಾದಾವೆಂದು ಬೆದರಿದ ಅಧಿಕಾರಿಗಳು ತಂಬಿಗೆಗಳನ್ನು ಮರಳಿ ಕೊಟ್ಟು ಜನರನ್ನು ಸಮಾಧಾನಪಡಿಸಿದರು.

ಈ ಕಟ್ಟಳೆಯ ಲೆಕ್ಕವನ್ನು ಬರೆಯುವವರು ಮಣ್ಣಿನ ಪಾತ್ರೆಗಳ ಬೆಲೆಯನ್ನಷ್ಟೇ ಬರೆದರೆ ಸಾಲದು. ಕಾವಲು, ಮದ್ದುಗುಂಡು, ಸೈನ್ಯದ ಪ್ರಯಾಣ ಇವೆಲ್ಲವೂ ಪ್ರಜೆಗಳ ತೆರಿಗೆಯಿಂದಲೇ ಬರತಕ್ಕವು. ಅವೆಲ್ಲಕ್ಕಿಂತ ಹಿರಿದಾದ ನಷ್ಟವು ಯಾವ ಕಡತದಲ್ಲಿಯೂ ಸೇರುವಂತಹುದಲ್ಲ: ಸರ್ಕಾರವು ತಮ್ಮ ಧರ್ಮವನ್ನು ಕೆಡಿಸಲೆಳಸಿದೆಯೆಂಬ ಶಂಕೆಯು ಜನಮನದಲ್ಲಿ ಬೇರೂರಿತು. ಎರಡು ವರ್ಷಗಳ ತರುವಾಯ, 1857ರ ಜುಲೈ 27ರಂದು, ದಾನಾಪುರದ ಸಿಪಾಯಿಗಳು ಅದೇ ಆರಾ ನಗರವನ್ನು ಹೊಕ್ಕು ಖಜಾನೆಯನ್ನು ಸೂರೆಗೊಂಡು ಸೆರೆಮನೆಯ ಬಾಗಿಲನ್ನು ತೆರೆದರು. ಆ ಮಹಾಕ್ಷೋಭೆಗೆ ತಂಬಿಗೆಯೊಂದೇ ಕಾರಣವೆನ್ನುವುದು ಅತಿಶಯೋಕ್ತಿ. ಆದರೆ ಒಣಗಿದ ಸೌದೆಯ ರಾಶಿಗೆ ಅದೂ ಒಂದು ಕಡ್ಡಿಯನ್ನು ಸೇರಿಸಿತು.

ಮುಂದೆ 1894ರ ಸೆರೆಮನೆಗಳ ಕಾಯಿದೆಯು ಸೆರೆಯೊಳಗಿನ ಅಪರಾಧಗಳನ್ನು ಪಟ್ಟಿಮಾಡಿತು. ಕೆಲಸದಲ್ಲಿ ಸೋಮಾರಿತನ, ರೋಗದ ನಟನೆ, ನಿಷಿದ್ಧವಸ್ತುವನ್ನಿಟ್ಟುಕೊಳ್ಳುವುದು ಮುಂತಾದುವು ಅದರಲ್ಲಿ ಸೇರಿದುವು. ಎಚ್ಚರಿಕೆಯ ಮಾತಿನಿಂದ ಮೊದಲ್ಗೊಂಡು ಮೂವತ್ತು ಛಡಿಯೇಟುಗಳವರೆಗೆ ಶಿಕ್ಷೆ ವಿಧಿಸುವ ಅಧಿಕಾರವು ಸೆರೆಮನೆಯ ಮೇಲಧಿಕಾರಿಗೆ ದೊರೆಯಿತು. ಮತ್ತೆ ಮತ್ತೆ ತಪ್ಪುವವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿದರೆ ಒಂದು ವರ್ಷದವರೆಗೆ ಹೆಚ್ಚಿನ ಸೆರೆ. ಆ ವರ್ಷದ ಅನ್ನವೂ ಕಾವಲೂ ಬೊಕ್ಕಸದ ಪಾಲಿಗೇ ಬಂದುವು.

ಶಿಸ್ತಿಲ್ಲದೆ ಸೆರೆಮನೆ ನಡೆಯದೆಂಬುದು ನಿಜ. ಆದರೆ ಕೈದಿಗೆ ಹೊಸ ತಪ್ಪೊಂದನ್ನು ಹೊರಿಸುವ ಮೊದಲು, ಅದರ ಬೆಲೆಯನ್ನು ತೆರುವವರು ಗೋಡೆಯ ಹೊರಗಿರುವವರೆಂಬುದನ್ನು ಆಳುವವರು ನೆನೆಯಬೇಕು. ಮುಜಫರ್‌ಪುರದ ಜನರು ಕಲಿಸಿದ ಪಾಠ ಇಷ್ಟೇ.