ಲಿಪಿಕಾರನ ಅಪರಾಧ, ವೈಮಾನಿಕನ ಅಪರಾಧ

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ಧಾಪುರ, ಜಟಿಂಗ ರಾಮೇಶ್ವರ ಈ ಮೂರೆಡೆಗಳಲ್ಲಿ ಅಶೋಕ ಚಕ್ರವರ್ತಿಯ ಶಾಸನಗಳಿರುವುದು ಶ್ರೋತೃಗಳಿಗೆ ತಿಳಿದ ಸಂಗತಿ. 1892ರಲ್ಲಿ ಬಿ. ಎಲ್. ರೈಸ್ ಅವರು ಇವನ್ನು ಬೆಳಕಿಗೆ ತಂದರು. ಬರೆದವನು ಚಪಡನೆಂಬ ಲಿಪಿಕಾರ. ತನ್ನ ಹೆಸರನ್ನೂ ಕೊನೆಯಲ್ಲಿ ಸೇರಿಸಿದ್ದಾನೆ. ಇದೇ ಚಕ್ರವರ್ತಿ ಗಿರ್ನಾರ್ ಮೊದಲಾದ ಕಡೆ ಬರೆಯಿಸಿದ ಹದಿನಾಲ್ಕನೆಯ ಬಂಡೆಶಾಸನದಲ್ಲಿ ಒಂದು ವಿಲಕ್ಷಣವಾದ ಮಾತಿದೆ. ಬರಹವು ಎಲ್ಲಿಯಾದರೂ ಅಪೂರ್ಣವಾಗಿದ್ದರೆ ಅದಕ್ಕೆ ಸ್ಥಳವು ಕಾರಣವಿರಬಹುದು, ಬೇರೆ ಹೇತುವಿರಬಹುದು, ಲಿಪಿಕಾರನ ಅಪರಾಧವೂ ಇರಬಹುದು ಎಂಬುದು ಅದರ ಅಭಿಪ್ರಾಯ. ಮನುಷ್ಯನ ತಪ್ಪನ್ನು ಮೂರು ಕಾರಣಗಳಲ್ಲಿ ಒಂದಾಗಿ, ಅದೂ ಕಟ್ಟಕಡೆಗೆ ಹೇಳಿರುವ ಈ ಕ್ರಮ ನನಗೆ ಬಹಳ ಹಿಡಿಸಿದೆ. ವಿಮಾನ ಅಪಘಾತಗಳ ಇತಿಹಾಸವನ್ನು ಓದುವಾಗ ಅದು ಮೇಲಿಂದ ಮೇಲೆ ನೆನಪಾಗುತ್ತದೆ. ಅಲ್ಲಿ ನಾವು ಈ ಕ್ರಮವನ್ನು ತಿರುವುಮುರುವು ಮಾಡಿಕೊಂಡಿದ್ದೇವೆ. ವಿಮಾನ ಬಿದ್ದ ಮರುದಿನವೇ ವೈಮಾನಿಕನ ಹೆಸರು ಮುಂದೆ ಬರುತ್ತದೆ, ಉಳಿದದ್ದೆಲ್ಲ ಆಮೇಲೆ.

ಯಂತ್ರವಿಮಾನದಲ್ಲಿ ಪ್ರಯಾಣಿಕನೊಬ್ಬನು ಮೊದಲ ಬಾರಿಗೆ ಮಡಿದದ್ದು 1908ರ ಸೆಪ್ಟೆಂಬರ್ 17ರಂದು, ಅಮೆರಿಕದ ಫೋರ್ಟ್ ಮೈಯರ್ ಎಂಬಲ್ಲಿ. ವಿಮಾನವನ್ನು ನಡೆಸುತ್ತಿದ್ದವರು ಆರ್ವಿಲ್ ರೈಟ್. ಸತ್ತವನು ಥಾಮಸ್ ಸೆಲ್ಫ್‌ರಿಜ್ ಎಂಬ ಸೈನ್ಯಾಧಿಕಾರಿ. ತಿರುಗುವ ಪಂಕ ಸೀಳಿ, ಬಾಲವನ್ನು ಬಿಗಿದಿದ್ದ ತಂತಿಗೆ ಬಡಿದಿತ್ತು. ಇಲ್ಲಿ ತಪ್ಪು ಮರದ್ದು ಎನ್ನೋಣವೆ, ಆ ಮರವನ್ನು ಕೆತ್ತಿದ ಕೈಯದು ಎನ್ನೋಣವೆ?

ನಮ್ಮ ನಾಡಿನ ಮಾತಿಗೆ ಬರೋಣ. 1990ರ ಫೆಬ್ರವರಿ 14ರ ಮಧ್ಯಾಹ್ನ, ಮುಂಬಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸಿನ ಏರ್‌ಬಸ್ 320 ವಿಮಾನ ಬೆಂಗಳೂರಿನ ಎಚ್.ಎ.ಎಲ್. ನಿಲ್ದಾಣವನ್ನು ಮುಟ್ಟುವ ಮೊದಲೇ ಗಾಲ್ಫ್ ಮೈದಾನಕ್ಕೆ ಬಿದ್ದು ಉರಿಯಿತು. ಒಳಗಿದ್ದ 146 ಮಂದಿಯಲ್ಲಿ 92 ಮಂದಿ ತೀರಿಕೊಂಡರು. ಮಳೆಯಿರಲಿಲ್ಲ, ಮಂಜಿರಲಿಲ್ಲ, ಎಂಜಿನ್ನುಗಳೂ ಕೆಟ್ಟಿರಲಿಲ್ಲ. ನ್ಯಾಯಮೂರ್ತಿ ಕೆ. ಶಿವಶಂಕರ ಭಟ್ಟರು ನಡೆಸಿದ ವಿಚಾರಣೆಯಲ್ಲಿ ಹೊರಬಿದ್ದ ಸಂಗತಿ ಎದೆ ನಡುಗಿಸುವಂಥದು: ಎಂಜಿನ್ನುಗಳು ಕನಿಷ್ಠ ಶಕ್ತಿಯಲ್ಲಿ ಸುಮ್ಮನೆ ತಿರುಗುತ್ತಿದ್ದವು, ವಿಮಾನದ ವೇಗ ಕುಂದುತ್ತಲೇ ಇತ್ತು. ಗಣಕಯಂತ್ರಕ್ಕೆ ಆಜ್ಞೆ ಕೊಡುವ ಫಲಕದಲ್ಲಿ ಎತ್ತರವನ್ನು ನಿಗದಿ ಮಾಡುವ ಗುಂಡಿ ಒಂದು, ಇಳಿಯುವ ವೇಗವನ್ನು ನಿಗದಿ ಮಾಡುವ ಗುಂಡಿ ಇನ್ನೊಂದು, ಎರಡೂ ಅಕ್ಕಪಕ್ಕದಲ್ಲಿ. ಇಳಿವೇಗ ನಿಮಿಷಕ್ಕೆ 700 ಅಡಿಯಾಗಲೆಂದು ತಿರುಗಿಸಹೋಗಿ ಎತ್ತರವನ್ನೇ 700 ಅಡಿಗೆ ತಿರುಗಿಸಿರಬೇಕೆಂಬುದು ಸಂಭಾವ್ಯವೆಂದು ಕಂಡ ವಿವರಣೆ. ತಿಳಿದು ಶಕ್ತಿಯನ್ನು ಪೂರ್ಣವಾಗಿ ಏರಿಸಿದಾಗ ಹೊತ್ತು ಮೀರಿತ್ತು. ಜೆಟ್ ಎಂಜಿನ್ನಿಗೆ ಎಚ್ಚರಗೊಳ್ಳಲು ಕೆಲವು ಕ್ಷಣಗಳು ಬೇಕು.

ಇದು ಮನುಷ್ಯನ ತಪ್ಪೆಂಬುದರಲ್ಲಿ ಸಂದೇಹವಿಲ್ಲ. ಆದರೆ ಈ ಜಾತಿಯ ವಿಮಾನ ನಮ್ಮ ದೇಶಕ್ಕೆ ಬಂದದ್ದೇ 1989ರಲ್ಲಿ. ಕಾಕ್‌ಪಿಟ್ಟಿನಲ್ಲಿದ್ದ ಇಬ್ಬರೂ ಕ್ಯಾಪ್ಟನ್ನರೇ; ಒಬ್ಬರು ಪರೀಕ್ಷೆಗೊಳಗಾದವರು, ಮತ್ತೊಬ್ಬರು ಪರೀಕ್ಷಕರು. ಪಕ್ಕದಲ್ಲಿರುವವನು ನೋಡಿಕೊಂಡಾನು ಎಂಬ ನಂಬಿಕೆ ಇಬ್ಬರಿಗೂ ಉಂಟಾಗುವಂಥ ಸಂದರ್ಭವದು. ಹತ್ತಿರ ಹತ್ತಿರ ಎರಡು ಗುಂಡಿಗಳನ್ನು ಕೂಡಿಸಿದವನೂ ಮನುಷ್ಯನೇ ಎಂಬುದನ್ನು ನಾವು ಮರೆಯಲಾಗದು.

ಮಂಗಳೂರಿನ ದುರಂತ ಇನ್ನೊಂದು ಬಗೆಯದು. 2010ರ ಮೇ 22ರ ಮುಂಜಾನೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆಯ ಗುಡ್ಡದ ನೆತ್ತಿಯ ರನ್‌ವೇಯನ್ನು ದಾಟಿ ಕಣಿವೆಗೆ ಉರುಳಿತು. 158 ಮಂದಿ ಸತ್ತರು, ಬದುಕಿದವರು 8 ಮಂದಿ. ಕ್ಯಾಪ್ಟನ್ನರು ಹಾರಾಟದ ನಡುವೆ ಒಂದೂಮುಕ್ಕಾಲು ಗಂಟೆಗೆ ಸಮೀಪದಷ್ಟು ಕಾಲ ನಿದ್ರಿಸಿದ್ದರೆಂದು ಧ್ವನಿಮುದ್ರಿಕೆ ಹೇಳಿತು. ಇಳಿಯುವುದನ್ನು ಕೈಬಿಟ್ಟು ಮತ್ತೆ ಮೇಲೇರೋಣವೆಂದು ಸಹವೈಮಾನಿಕರು ಮೂರು ಬಾರಿ ಸೂಚಿಸಿದ್ದರು. ಆ ಮಾತು ನಡೆಯಲಿಲ್ಲ. ಹಿರಿಯರ ಕೈಯಿಂದ ಚುಕ್ಕಾಣಿಯನ್ನು ಕಿರಿಯರು ಕಸಿದುಕೊಳ್ಳುವುದು ನಮ್ಮಲ್ಲಿ ಎಷ್ಟು ಕಠಿನವೆಂಬುದನ್ನು ಯಾವ ಕಚೇರಿಯಲ್ಲಿ ದುಡಿದವರೂ ಬಲ್ಲರು. (1977ರಲ್ಲಿ ಟೆನೆರಿಫ್ ದ್ವೀಪದಲ್ಲಿ ಎರಡು ಜಂಬೋಗಳು ಢಿಕ್ಕಿಯಾಗಿ 583 ಮಂದಿ ಸತ್ತಾಗಲೂ ಕಿರಿಯನ ಶಂಕೆ ಹಿರಿಯನಿಗೆ ತಟ್ಟಿರಲಿಲ್ಲ. ವೈಮಾನಿಕರಿಗೆ ಪರಸ್ಪರ ಮಾತಾಡುವುದನ್ನೇ ಪಾಠವಾಗಿ ಕಲಿಸತೊಡಗಿದ್ದು ಮುಖ್ಯವಾಗಿ ಅನಂತರದ ವರ್ಷಗಳಲ್ಲಿ.) ಮಂಗಳೂರಿನ ರಡಾರ್ ಆ ದಿನ ಕೆಲಸ ಮಾಡುತ್ತಿರಲಿಲ್ಲ, ಇಳಿಯಲು ಅನುಮತಿ ತಡವಾಗಿ ದೊರೆಯಿತು. ರನ್‌ವೇಯ ತುದಿಯಾಚೆ ಕಾಂಕ್ರೀಟಿನ ಮೇಲೆ ನಿಲ್ಲಿಸಿದ್ದ ಸಲಕರಣೆಗೆ ರೆಕ್ಕೆ ಬಡಿಯಿತು. ಸ್ಥಳ, ಬೇರೆ ಹೇತು, ಲಿಪಿಕಾರ: ಮೂರೂ ಇಲ್ಲಿವೆ.

ಹಾಗಾದರೆ ವೈಮಾನಿಕನನ್ನೇ ಕೆಳಗಿಳಿಸಿಬಿಟ್ಟರೆ? ಈ ಪ್ರಶ್ನೆಗೆ ಉತ್ತರ ಹುಡುಕುತ್ತಿರುವುದು ಶೇಂಗಾ ಮತ್ತು ಎಣ್ಣೆಗೆ ಹೆಸರಾದ ಚಳ್ಳಕೆರೆಯ ನೆಲದಲ್ಲಿ. ಒಂದು ಕಾಲಕ್ಕೆ ಮೈಸೂರು ಸೈನ್ಯದ ಫಿರಂಗಿ ಎಳೆದ ಅಮೃತಮಹಲ್ ದನಗಳಿಗೆ ಮೀಸಲಾದ ಕಾವಲುಗಳಲ್ಲಿ ಇಂದು ರಕ್ಷಣಾ ಸಂಶೋಧನಾ ಸಂಸ್ಥೆಯ ವೈಮಾನಿಕ ಪರೀಕ್ಷಾ ವಲಯವಿದೆ. 'ರುಸ್ತುಂ–2' ಎಂಬ ಚಾಲಕರಹಿತ ವಿಮಾನ ಮೊದಲು ಹಾರಿದ್ದು 2016ರ ನವೆಂಬರಿನಲ್ಲಿ, ಇಲ್ಲಿಯೇ. 2019ರ ಸೆಪ್ಟೆಂಬರ್ 17ರ ಬೆಳಗ್ಗೆ ಅಂಥದೊಂದು ವಿಮಾನ ಜೋಡಿಚಿಕ್ಕೇನಹಳ್ಳಿಯ ಬಳಿ ಸಾಗುವಳಿಯ ಭೂಮಿಗೆ ಬಿತ್ತು. ಸೆಲ್ಫ್‌ರಿಜ್ ಸತ್ತ ದಿನಕ್ಕೆ ಸರಿಯಾಗಿ 111 ವರ್ಷ! 'ತಪಸ್' ಎಂಬ ಹೊಸ ಹೆಸರು ತಳೆದ ಮೇಲೆ 2023ರ ಆಗಸ್ಟ್ 20ರಂದು ಹಿರಿಯೂರು ತಾಲ್ಲೂಕಿನ ವದ್ದಿಕೆರೆಯ ಹೊಲದಲ್ಲಿ ಮತ್ತೊಂದು ಬಿತ್ತು. ಎರಡು ಸಲವೂ ಪ್ರಾಣಹಾನಿಯಾಗಲಿಲ್ಲ.

ಒಳಗೆ ಯಾರೂ ಇಲ್ಲದ ವಿಮಾನ ಬಿದ್ದಾಗ ಮಡಿದವನ ಮೇಲೆ ಹೊರೆ ಹೊರಿಸುವ ಸೌಲಭ್ಯ ತಪ್ಪಿಹೋಗುತ್ತದೆ. ಆಗ ನಕ್ಷೆ ಬರೆದ ಮೇಜು, ಗಣಕಕ್ಕೆ ಆಜ್ಞೆ ಬರೆದ ಕೈ, ಪರೀಕ್ಷೆಯ ವಿಧಾನ ಇವನ್ನೇ ಕೇಳಬೇಕಾಗುತ್ತದೆ. 2009ರ ಮಾರ್ಚ್ 6ರಂದು ಬಿಡದಿಯ ಬಳಿ 'ಸರಸ್' ವಿಮಾನ ಬಿದ್ದು ವಾಯುಸೇನೆಯ ಮೂವರು ಮಡಿದಾಗ ತನಿಖೆ ಹಾಗೆ ಕೇಳಿತ್ತು: ನಿಲ್ಲಿಸಿದ ಎಂಜಿನ್ನನ್ನು ಆಕಾಶದಲ್ಲಿ ಮತ್ತೆ ಹೊತ್ತಿಸಲು ರೂಪಿಸಿಕೊಟ್ಟ ಕ್ರಮವೇ ಸರಿಯಿರಲಿಲ್ಲವೆಂದು ಕಂಡುಬಂದಿತು. ಅವರು ಅನುಸರಿಸಿದ್ದು ಆ ಕ್ರಮವನ್ನೇ.

ಚಳ್ಳಕೆರೆಯ ಅದೇ ರನ್‌ವೇಯಲ್ಲಿ ಇಸ್ರೋದ ರೆಕ್ಕೆಯುಳ್ಳ ಮರುಬಳಕೆಯ ವಾಹನ 2023ರ ಏಪ್ರಿಲ್‌ನಲ್ಲಿ ಒಮ್ಮೆ, 2024ರಲ್ಲಿ ಎರಡು ಸಲ ತಾನಾಗಿ ಬಂದಿಳಿಯಿತು. ಕೊನೆಯ ಸಲ, ಜೂನ್ 23ರಂದು, ಅದನ್ನು ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಹೆಲಿಕಾಪ್ಟರಿನಿಂದ ಬಿಟ್ಟದ್ದು ರನ್‌ವೇಯ ನೇರಕ್ಕಲ್ಲ, 500 ಮೀಟರ್ ಪಕ್ಕಕ್ಕೆ. ಬೇಕೆಂದೇ ತಪ್ಪಾದ ಜಾಗದಲ್ಲಿ ಬಿಟ್ಟು, ಅದು ತಿದ್ದಿಕೊಳ್ಳುವುದೋ ಎಂದು ನೋಡಿದರು. ತಿದ್ದಿಕೊಂಡಿತು.